ದೋಣಿಯ ನಡುವೆ ಕೂತವರು

ಕನೂ ಎಂಬ ಆ ಸಪೂರ ದೋಣಿಯಲ್ಲಿ ಮುಂದೆ ಕೂತವರು ಬಲ ಹಾಕಬೇಕು, ಹಿಂದೆ ಕೂತವರು ದಿಕ್ಕು ನೋಡಬೇಕು. ಗಂಡ ಹೆಂಡತಿ ಕೂತರೆ ದಡ ಬಿಡುತ್ತಲೇ ಈ ನಿಯಮ ಮುರಿಯುತ್ತದೆ. ಮುಂದಿನವರು ದಾರಿ ಹೇಳತೊಡಗುತ್ತಾರೆ, ಹಿಂದಿನವರು 'ನೀನು ಹುಟ್ಟು ಹಾಕು, ಸಾಕು' ಎನ್ನುತ್ತಾರೆ. ನಡುವೆ ನಾಲ್ಕು ವರ್ಷದ ಮಗುವೊಂದಿದ್ದರೆ ಮಾತ್ರ ಜಗಳಕ್ಕೆ ಪುರುಸೊತ್ತು ಸಿಗುವುದಿಲ್ಲ.

ಮಗುವನ್ನು ನಡುವೆಯೇ, ಅದೂ ದೋಣಿಯ ತಳಕ್ಕೆ ಅಂಟಿದಂತೆ ಕೂರಿಸುತ್ತಾರೆ. ಭಾರ ಕೆಳಗಿದ್ದಷ್ಟೂ ದೋಣಿ ಹೊಯ್ದಾಡುವುದು ಕಡಿಮೆ. ಟೆಂಟು, ಹೊದಿಕೆ, ಪಾತ್ರೆಗಳಿಗೂ ಅಲ್ಲೇ ಜಾಗ. ಆದರೆ ಪಾತ್ರೆ ಇಟ್ಟಲ್ಲೇ ಇರುತ್ತದೆ. ನೀರಿನ ಮೇಲೆ ಓಡುವ ಹುಳ ಎಡಕ್ಕೆ ಕಂಡರೆ ಮಗು ಎಡಕ್ಕೆ ವಾಲುತ್ತದೆ. ಅಪ್ಪ ಅಮ್ಮ ಗಾಬರಿಯಿಂದ ಬಲಕ್ಕೆ. ಅಷ್ಟರಲ್ಲಿ ಬಲಕ್ಕೊಂದು ಹುಳ ಕಾಣಿಸುತ್ತದೆ, ಮಗುವೂ ಬಲಕ್ಕೇ ಬರುತ್ತದೆ! ಚಿಕ್ಕವರ ಲೈಫ್ ಜಾಕೆಟ್ಟಿಗೆ ಕತ್ತಿನ ಹಿಂದೆ ಒಂದು ಹಿಡಿಕೆ ಇರುತ್ತದೆ, ನೀರಿಗೆ ಬಿದ್ದರೆ ಎತ್ತಿಕೊಳ್ಳಲು. ನೆಲದ ಮೇಲೂ ಮಕ್ಕಳಿಗೆ ಅಂಥದ್ದೊಂದು ಇರಬೇಕಿತ್ತು.

ನೆದರ್‌ಲ್ಯಾಂಡ್ಸ್‌ನ ಪೆಸ್ಸೆ ಎಂಬಲ್ಲಿ 1955ರಲ್ಲಿ ಹೆದ್ದಾರಿ ಕೆಲಸದ ವೇಳೆ ಒಂದೇ ಮರ ಕೊರೆದು ಮಾಡಿದ ದೋಣಿ ಸಿಕ್ಕಿತು. ಹೆಚ್ಚುಕಡಿಮೆ 10,000 ವರ್ಷ ಹಳೆಯದು. ಉದ್ದ ಮೂರು ಮೀಟರಿನಷ್ಟು, ಅಗಲ 44 ಸೆಂಟಿಮೀಟರ್. ಇದು ದೋಣಿಯಲ್ಲ, ದನಗಳ ಬಾನಿ ಎಂದವರೂ ಇದ್ದರು. 2001ರಲ್ಲಿ ಅಂಥದ್ದೇ ಇನ್ನೊಂದನ್ನು ಕೊರೆದು ನೀರಿಗಿಳಿಸಿದಾಗ ತೇಲಿತು. ನಡುವೆ ಒಂದು ಮಗುವನ್ನು ಕೂರಿಸಿದ್ದರೆ ಪರೀಕ್ಷೆ ಪೂರ್ತಿಯಾಗುತ್ತಿತ್ತು ಎಂಬುದು ನನ್ನ ಅಭಿಪ್ರಾಯ. ಆ ಅಗಲದಲ್ಲಿ ಹುಳ ನೋಡಲು ವಾಲುವ ಕೂಸನ್ನು ದಡ ಸೇರಿಸಿದ ತಾಯಿ ಇದ್ದಿದ್ದರೆ ಅವಳಿಗೆ ದೊಡ್ಡ ನಮಸ್ಕಾರ.

ಬಿಡಾರ ಹೂಡುವ ದಡಕ್ಕಾಗಿ ದೊಡ್ಡವರು ನಕಾಶೆ ಹರಡಿ ಚರ್ಚಿಸಿರುತ್ತಾರೆ. ನೋಟ ಚೆನ್ನಾಗಿರಬೇಕು, ನೆಲ ಸಮತಟ್ಟಾಗಿರಬೇಕು, ಇತ್ಯಾದಿ. ಮಗುವಿಗೆ ಅಲ್ಲಿ ಇಷ್ಟವಾಗುವುದು ಟೆಂಟಿನ ಜಿಪ್. ಮೇಲೆ ಎಳೆ, ಕೆಳಗೆ ಎಳೆ. ಸೂರ್ಯಾಸ್ತ ಅದರ ಪಾಡಿಗೆ ಅದು ಆಗಿಹೋಗುತ್ತದೆ, ಸೊಳ್ಳೆಗಳೆಲ್ಲ ಒಳಗೆ ಬಂದಿರುತ್ತವೆ.

ಬಿಸಿಲೇರಿದಂತೆ ಗಾಳಿ ಏಳುತ್ತದೆ, ಅಲೆ ಹೆಚ್ಚುತ್ತದೆ, ಆದ್ದರಿಂದ ಬೆಳಗ್ಗೆ ಬೇಗ ಹೊರಡಿ ಎಂಬುದು ಬಲ್ಲವರ ಮಾತು. ಆ ಬಲ್ಲವರಿಗೆ ಮಕ್ಕಳಿರಲಿಕ್ಕಿಲ್ಲ. ಟೆಂಟು ಮಡಚಿ, ಕಳೆದುಹೋದ ಒಂಟಿ ಚಪ್ಪಲಿ ಹುಡುಕಿ, ಆರಿಸಿಟ್ಟ ಕಲ್ಲುಗಳಲ್ಲಿ ಯಾವುದನ್ನು ಬಿಡಬೇಕೆಂದು ರಾಜಿ ಮಾಡಿ, ಜಾಕೆಟ್ಟಿನ ಪಟ್ಟಿಗಳನ್ನೆಲ್ಲ ಬಿಗಿದು, ಮೂವರೂ ಕೂತು ದೋಣಿ ದಡ ಬಿಡುವ ಹೊತ್ತಿಗೆ ಸರಿಯಾಗಿ ನಡುವಿನಿಂದ ದನಿ ಬರುತ್ತದೆ: 'ಅಮ್ಮಾ, ಉಚ್ಚೆ.'