ತಲೆ ಮೇಲೆ ಯಾರೂ ಇಲ್ಲದ ಮನೆ

ಮೈಸೂರಿನ ಕುವೆಂಪುನಗರದಲ್ಲಿರುವ ನಮ್ಮ ಬಾಡಿಗೆ ಮನೆಯ ಮೇಲೆ ಇನ್ನೊಂದು ಮನೆ ಇದೆ. ಅವರು ಸ್ನಾನ ಮಾಡಿದರೆ ನಮ್ಮ ಊಟದ ಟೇಬಲ್ ಮೇಲೆ ತೊಟ್ಟಿಕ್ಕುತ್ತದೆ. ಮೊನ್ನೆ ಭಾನುವಾರ ಸರಿಯಾಗಿ ನನ್ನ ಸಾರಿಗೇ ಬಿತ್ತು. ಓನರ್‌ಗೆ ಫೋನ್ ಮಾಡಿದರೆ, "ಮಳೆಗಾಲ ಮುಗೀಲಿ ಸಾರ್" ಎಂದರು. ಸ್ನಾನಕ್ಕೂ ಮಳೆಗಾಲಕ್ಕೂ ಏನು ಸಂಬಂಧವೋ!

ಆ ಸಿಟ್ಟಿನಲ್ಲೇ ಕರೆಂಟ್ ಬಿಲ್ಲಿನ ಹಿಂದೆ ಬಲೂನಿನಲ್ಲಿ ತೇಲುವ ಮನೆಯ ಪ್ಲಾನ್ ಹಾಕಿದೆ. ಬಿಲ್ಲು ಉದ್ದಕ್ಕಿತ್ತು, ಮನೆಯೂ ರೈಲು ಡಬ್ಬಿಯಂತೆ ಬಂತು. ತಲೆ ಮೇಲೆ ಬಲೂನಿನ ಗ್ಯಾಸ್ ಬಿಟ್ಟರೆ ಬೇರೆ ಯಾರೂ ಇಲ್ಲ. ಬಾಲ್ಕನಿಯಿಂದ ಬುಟ್ಟಿ ಇಳಿಬಿಟ್ಟರೆ ದೇವರಾಜ ಮಾರ್ಕೆಟ್‌ನಿಂದ ನಂಜನಗೂಡು ರಸಬಾಳೆ ಮೇಲೆ ಬರುತ್ತದೆ. ಬೇಸಿಗೆಯಲ್ಲಿ ಚಾಮುಂಡಿ ಬೆಟ್ಟದ ಪಕ್ಕ ನಿಲ್ಲಿಸೋದು. ದಸರಾ ಬಂದರೆ ಸೀದಾ ಬನ್ನಿಮಂಟಪದ ಮೇಲೆ. ಪಂಜಿನ ಕವಾಯತಿನ ಪಾಸಿಗಾಗಿ ಯಾರ ಹಿಂದೆಯೂ ಅಲೆಯಬೇಕಿಲ್ಲ.

ಹೆಂಡತಿ ನೋಡಿ ಒಂದೇ ಪ್ರಶ್ನೆ ಕೇಳಿದಳು. "ರೀ, ಗ್ರೈಂಡರ್ ಎಲ್ಲಿಡೋದು?"

ಲೆಕ್ಕ ಹಾಕಿದೆ. ಒಂದು ಘನ ಮೀಟರ್ ಹೀಲಿಯಂ ಹೆಚ್ಚುಕಮ್ಮಿ 1 ಕೆಜಿ ಎತ್ತುತ್ತದೆ. ಹುಟ್ಟುಹಬ್ಬಕ್ಕೆ ಕಟ್ಟುವ ಬಲೂನ್ 10 ಗ್ರಾಂ ಎತ್ತಿದರೆ ದೊಡ್ಡದು. ಅಂದರೆ ನಮ್ಮ 12 ಕೆಜಿ ಗ್ರೈಂಡರಿಗೆ 1,200 ಬಲೂನ್. ನನಗೊಬ್ಬನಿಗೇ 7,800. ಅತ್ತೆಯವರ ಕಬ್ಬಿಣದ ಟ್ರಂಕನ್ನು ಲೆಕ್ಕಕ್ಕೇ ತರಲಿಲ್ಲ. ಮನೆ ಮೇಲಕ್ಕೆ ಹೋಗಬೇಕಲ್ವಾ?

ಇನ್ನೊಂದು ತೊಂದರೆ, ಬಲೂನಿಗೆ ಸ್ಟೇರಿಂಗ್ ಇಲ್ಲ. ಗಾಳಿ ಕರೆದುಕೊಂಡು ಹೋದ ಕಡೆ ಹೋಗಬೇಕು. ಬೇಡವೆಂದರೆ ಮೇಲಕ್ಕೋ ಕೆಳಕ್ಕೋ ಸರಿದು ಬೇರೆ ಗಾಳಿ ಹುಡುಕಬೇಕು, ಅಷ್ಟೇ. ಆಷಾಢದಲ್ಲಿ ಮೈಸೂರಿನಲ್ಲಿ ಹಲ್ಲುಜ್ಜಿದವರು ಮಂಡ್ಯದಲ್ಲಿ ಬಾಯಿ ಮುಕ್ಕಳಿಸಬೇಕಾದೀತು. ಹಾಲಿನವನಿಗೆ ಯಾವ ಅಡ್ರೆಸ್ ಕೊಡೋದು?

ಆದರೂ ಬಿಡಲಿಲ್ಲ. "1783ರಲ್ಲೇ ಪ್ಯಾರಿಸ್‌ನಲ್ಲಿ ಇಬ್ಬರು ಬಿಸಿಗಾಳಿ ಬಲೂನಿನಲ್ಲಿ ಹಾರಿದ್ದಾರೆ ಕಣೇ. ಅದಕ್ಕೂ ಮುಂಚೆ ಒಂದು ಕುರಿ, ಒಂದು ಬಾತುಕೋಳಿ, ಒಂದು ಹುಂಜ ಹೋಗಿ ಬಂದಿದ್ದವು" ಎಂದೆ.

"ಮೊದಲು ಕುರೀನೇ ಹತ್ತಿಸಿದ್ರಾ? ಸರಿಯಾಗೇ ಮಾಡಿದ್ದಾರೆ" ಎಂದು ನನ್ನನ್ನೇ ನೋಡಿದಳು.

ಇದಕ್ಕೆ ಮಾತಿನಲ್ಲಿ ಉತ್ತರ ಕೊಟ್ಟರೆ ಸಾಲದು ಅನಿಸಿತು. ಪಕ್ಕದ ಮನೆಯ ಬರ್ತ್‌ಡೇಯಿಂದ ಮಗಳು ಐದು ಹೀಲಿಯಂ ಬಲೂನ್ ತಂದಿದ್ದಳು. ಐದು ಸೇರಿದರೆ 50 ಗ್ರಾಂ. ಕೈಗೆ ಸಿಕ್ಕಿದ್ದು ಸ್ಕೂಟರ್ ಕೀ. ಕಟ್ಟಿ ಬಿಟ್ಟೆ. ಕೀ ಜಮ್ಮೆಂದು ಎದ್ದು ಸೂರು ಮುಟ್ಟಿತು. ಮಗಳು ಚಪ್ಪಾಳೆ ತಟ್ಟಿದಳು. ನಾನು ಹೆಂಡತಿಯ ಕಡೆ ತಿರುಗಿ ಹುಬ್ಬು ಹಾರಿಸಿದೆ. ಅಷ್ಟರಲ್ಲಿ ಬಾಲ್ಕನಿ ಬಾಗಿಲಿನಿಂದ ಒಂದು ಗಾಳಿ ಬಂದು, ವಾಪಸ್ ಹೋಗುವಾಗ ಕೀಯನ್ನೂ ಕರೆದುಕೊಂಡು ಹೋಯಿತು.

ಎದುರು ಮನೆಯ ತೆಂಗಿನ ಮರದ ಗರಿಗೆ ಸಿಕ್ಕಿಕೊಂಡಿತು. ಇನ್ನೊಂದು ಕೀ? ಅದೂ ಅದೇ ರಿಂಗಿನಲ್ಲಿತ್ತು. ಕಳೆಯದಿರಲಿ ಎಂದು ಎರಡನ್ನೂ ಒಟ್ಟಿಗೆ ಇಟ್ಟಿದ್ದೆ.

ಮಾರನೇ ದಿನ ಆಫೀಸಿಗೆ ಸಿಟಿ ಬಸ್ಸು. ಸಂಜೆ ಕಾಯಿ ಕೀಳುವವನು ಬಂದ. ಮುನ್ನೂರು ರೂಪಾಯಿ ಎಂದ. ಮೇಲಕ್ಕೆ ಹತ್ತಿ ಅಲ್ಲಿಂದಲೇ ಕೂಗಿದ.

"ಸಾರ್, ಕೀ ಸಿಕ್ತು! ನಾಲ್ಕು ಬಲೂನ್ ಒಡೆದೋಗವೆ. ಒಂದು ಚೆನ್ನಾಗದೆ. ಮಗೀಗೆ ಇಳಿಸ್ಲಾ? ಅದಕ್ಕೆ ಬೇರೆ ಐವತ್ತಾಯ್ತದೆ."