ಸೊಸೈಟಿಗೊಬ್ಬ ಇಂಧನ ಸಚಿವ

ಪುಣೆಯ ವಾಕಡ್, ಹಿಂಜೆವಾಡಿ ಕಡೆಯ ಅಪಾರ್ಟ್‌ಮೆಂಟ್ ಸೊಸೈಟಿಗಳಲ್ಲಿ ಮತ್ತೆ ನೋಟಿಸು ಬಿದ್ದಿದೆ: ‘ಡಿಜಿ ಚಾರ್ಜ್’, ಅಂದರೆ ಡೀಸೆಲ್ ಜನರೇಟರಿನ ಖರ್ಚಿಗೆ ಕೊಡುವ ವಂತಿಗೆ, ಹೆಚ್ಚಳ. ಗೊಣಗಬೇಡಿ. ಗುರುವಾರ ದುರಸ್ತಿಗೆಂದು ಲೈನ್ ತೆಗೆದಾಗಲೂ ನಿಮ್ಮ ಲಿಫ್ಟ್ ಓಡುವುದು ಯಾರ ಪುಣ್ಯ? ಸೆಕ್ರೆಟರಿ ಸಾಹೇಬರು ಗೇಟಿನ ಪಕ್ಕ ವಿದ್ಯುತ್ ಸ್ಥಾವರವನ್ನೇ ನಡೆಸುತ್ತಿದ್ದಾರೆ.

ಪುಣೆಗೆ ಇದೇನು ಹೊಸದಲ್ಲ ಬಿಡಿ. 2006ರಲ್ಲಿ ಊರಿನ ಲೋಡ್ ಶೆಡ್ಡಿಂಗ್ ತಪ್ಪಿಸಲು ಕಾರ್ಖಾನೆಗಳು ತಮ್ಮ ಡೀಸೆಲ್ ಜನರೇಟರ್ ಓಡಿಸಿಕೊಂಡು ಗ್ರಿಡ್ಡಿನ ಕರೆಂಟನ್ನು ಊರಿಗೆ ಬಿಟ್ಟುಕೊಟ್ಟವು. ಡೀಸೆಲ್ಲಿನ ಹೆಚ್ಚುವರಿ ಖರ್ಚು ‘ರಿಲಯಬಿಲಿಟಿ ಚಾರ್ಜ್’ ಎಂಬ ಹೆಸರಿನಲ್ಲಿ ಗ್ರಾಹಕರ ಬಿಲ್ಲಿಗೆ ಬಂತು. ಅಲ್ಲಿ ಲೆಕ್ಕ ಕೇಳಲು ಒಂದು ವಿದ್ಯುತ್ ನಿಯಂತ್ರಣ ಆಯೋಗವಾದರೂ ಇತ್ತು. ಇಲ್ಲಿ ಕೇಳಿದವರನ್ನು ವಾಟ್ಸಾಪ್ ಗ್ರೂಪಿನಿಂದ ತೆಗೆಯುತ್ತಾರೆ.

ಸೊಸೈಟಿ ಕೂರಿಸಿದ್ದು 125 ಕೆವಿಎ ಸಾಮರ್ಥ್ಯದ ಜನರೇಟರ್; 0.8 ಪವರ್ ಫ್ಯಾಕ್ಟರ್ (ನಿಜಕ್ಕೂ ಕೆಲಸಕ್ಕೆ ಬರುವ ಪಾಲು) ಹಿಡಿದರೆ 100 ಕಿಲೋವ್ಯಾಟ್. ಓಡಿಸುವುದು ಎರಡು ಲಿಫ್ಟು, ಒಂದು ಪಂಪು, ಮೆಟ್ಟಿಲ ದೀಪ: 15 ಕಿಲೋವ್ಯಾಟ್ ದಾಟಿದರೆ ಹೆಚ್ಚು. ಮುಕ್ಕಾಲು ಲೋಡಿನಲ್ಲಿ ಲೀಟರಿಗೆ ಮೂರೂವರೆ ಯೂನಿಟ್ ಕೊಡುವ ಎಂಜಿನ್ ಇಷ್ಟಕ್ಕೆ ಎರಡು ಕೊಟ್ಟರೆ ದೊಡ್ಡದು. ಡೀಸೆಲ್ 90 ರೂಪಾಯಿ ಹಿಡಿಯಿರಿ. ಯೂನಿಟ್‌ಗೆ 45, ಆಯಿಲ್ಲು ಫಿಲ್ಟರು ಬೇರೆ.

ಇನ್ನು ಭಾನುವಾರದ ‘ಟೆಸ್ಟಿಂಗ್’ ಎಂಬ ಪೂಜೆ. ಲೋಡ್ ಇಲ್ಲದೆ ಹತ್ತು ನಿಮಿಷ ಗುರುಗುಟ್ಟಿಸಿ ಆರಿಸುವುದು. ಸಿಲಿಂಡರ್ ಬಿಸಿಯಾಗುವುದೇ ಇಲ್ಲ; ಅರೆಬರೆ ಉರಿದ ಡೀಸೆಲ್ ಮಸಿಯೊಡನೆ ಸೇರಿ ಸೈಲೆನ್ಸರ್ ಜಾಯಿಂಟಿನಲ್ಲಿ ಕಪ್ಪಗೆ ಜಿನುಗುತ್ತದೆ. ಆಯಿಲ್ ಲೀಕ್ ಎಂದು ಗ್ಯಾಸ್ಕೆಟ್ ಬದಲಿಸಿ, ಬಿಲ್ ಪಾಸು. ತಿಂಗಳಿಗೊಮ್ಮೆ ಕನಿಷ್ಠ ಶೇ. 30 ಲೋಡ್ ಹಾಕಿ ಅರ್ಧ ತಾಸು ಓಡಿಸಿದ್ದರೆ ಮುಗಿಯುತ್ತಿತ್ತು. ಇಷ್ಟೆಲ್ಲ ಪೂಜೆ ಪಡೆದ ದೇವರು ಕರೆಂಟ್ ಹೋದ ದಿನ ಸೆಲ್ಫ್ ಹೊಡೆದರೆ ಬರೀ ‘ಟಕ್’ ಎನ್ನುತ್ತದೆ. ಬ್ಯಾಟರಿ ಟರ್ಮಿನಲ್ ತುಂಬ ಬಿಳಿ-ಹಸಿರು ಪುಡಿ. ಚಾರ್ಜರಿನ ಪ್ಲಗ್ ಕಿತ್ತು ಯಾರೋ ಮೊಬೈಲ್ ಹಾಕಿದ್ದಾರೆ.

ಹೊಗೆಕೊಳವೆಗೂ ಒಂದು ಸರ್ಕಾರಿ ಸೂತ್ರವಿದೆ, ಗಣಿತಪ್ರಿಯರು ಗಮನಿಸಬೇಕು. ಕೆವಿಎಯ ವರ್ಗಮೂಲ ತೆಗೆದು, ಅದರ ಐದನೇ ಒಂದು ಪಾಲನ್ನು ಕಟ್ಟಡದ ಎತ್ತರಕ್ಕೆ ಮೀಟರ್ ಲೆಕ್ಕದಲ್ಲಿ ಕೂಡಿಸಬೇಕು. 125ರ ವರ್ಗಮೂಲ 11.18. ಅಂದರೆ ತಾರಸಿಗಿಂತಲೂ ಎರಡೂಕಾಲು ಮೀಟರ್ ಮೇಲೆ. ಹನ್ನೆರಡು ಅಂತಸ್ತಿನ ಪೈಪಿಗೆ ರೊಕ್ಕ ಹಾಕುವವರು ಯಾರು? ಕಮಿಟಿ ವರ್ಗಮೂಲದ ಗೋಜಿಗೆ ಹೋಗದೆ ಒಂದು ಎಲ್ಬೋ, ಅಂದರೆ ಬಾಗಿದ ಪೈಪಿನ ತುಂಡು, ಹಾಕಿಸಿತು. ಅದರ ಬಾಯಿ ನೇರ ವಾಚ್‌ಮನ್ ಕೋಣೆಯ ಕಿಟಕಿಗೆ.

ವಾಚ್‌ಮನ್ ಯಾದಗಿರಿ ಕಡೆಯವ. “ಹೊಗಿ ಭಾಳ ಬರ್ತದ್ರಿ ಸಾಹೇಬ್ರ” ಎಂದರೆ ಕಿಟಕಿ ಮುಚ್ಚಿಕೋ ಎಂಬ ಉತ್ತರ. ಇದರಲ್ಲಿ ನಗುವಂಥದ್ದೇನೂ ಇಲ್ಲ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2012ರಲ್ಲೇ ಹೇಳಿದೆ. ಹನ್ನೆರಡು ತಾಸಿನ ಪಾಳಿಯವನು ಅದನ್ನೇ ಉಸಿರಾಡುತ್ತ ನಮ್ಮ ಕಾರುಗಳಿಗೆ ಗೇಟು ತೆಗೆಯುತ್ತಾನೆ. ನಾಚಿಕೆಯಾಗಬೇಕು ನಮಗೆ.

ಆಗುವುದಿಲ್ಲ. ಮುಂದಿನ ಸಭೆಯ ಮುಂದಿರುವುದು 250 ಕೆವಿಎ ಹೊಸ ಸೆಟ್ಟಿನ ಪ್ರಸ್ತಾವ. ಕೊಟೇಶನ್ ಮೂರು ಬಂದಿವೆ. ಮೂರರಲ್ಲೂ ಪೈಪಿನ ಉದ್ದ ಎರಡು ಮೀಟರ್.