ಸತ್ಯಾಂಶ: ಹಾರುಬೂದಿ ಬೆರೆತ ಕಾಂಕ್ರೀಟ್ ರಸ್ತೆ ಅಂತರ್ಜಲವನ್ನು ಕೆಡಿಸುತ್ತದೆಯೇ?

ಕಾಂಕ್ರೀಟ್ ರಸ್ತೆಯಲ್ಲಿ ಹಾರುಬೂದಿ (ಉಷ್ಣ ವಿದ್ಯುತ್ ಸ್ಥಾವರಗಳಲ್ಲಿ ಕಲ್ಲಿದ್ದಲು ಉರಿಸಿದಾಗ ಸಿಗುವ ನಯವಾದ ಬೂದಿ) ಬಳಸಿದರೆ ಮಳೆನೀರಿನೊಂದಿಗೆ ವಿಷ ಇಳಿದು ಬೋರ್‌ವೆಲ್ ಕೆಡುತ್ತದೆ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಮತ್ತೆ ಮತ್ತೆ ಬರುತ್ತದೆ. ಇದು ಸರಿಯಲ್ಲ. ಬೂದಿಯಲ್ಲಿ ಆರ್ಸೆನಿಕ್‌ನಂಥ ಅಂಶಗಳು ಅಲ್ಪ ಪ್ರಮಾಣದಲ್ಲಿರುವುದೂ, ತೆರೆದ ಬೂದಿಹೊಂಡಗಳಿಂದ ಅವು ನೀರಿಗೆ ಸೇರುವ ಅಪಾಯವೂ ನಿಜ, ಆ ಆತಂಕವನ್ನು ಹಗುರವಾಗಿ ಕಾಣಬಾರದು. ಆದರೆ ಕಾಂಕ್ರೀಟಿನೊಳಗೆ ಬೂದಿಯು ಸುಣ್ಣದ ಅಂಶದೊಡನೆ ಪ್ರತಿಕ್ರಿಯಿಸಿ ಗಟ್ಟಿಯಾಗುವಾಗ ರಂಧ್ರಗಳು ಕಿರಿದಾಗಿ, ಆ ವಿಷದ ಅಂಶಗಳು ಬಹುಪಾಲು ಅಲ್ಲಿಯೇ ಬಂಧಿಯಾಗುತ್ತವೆ. ಬೂದಿ ಸೇರಿಸಿದಷ್ಟು, ಸುಣ್ಣಕಲ್ಲು ಸುಟ್ಟು ತಯಾರಿಸುವ ಕ್ಲಿಂಕರ್‌ನ (ಸಿಮೆಂಟಿನ ಮೂಲ ಪದಾರ್ಥ) ಬಳಕೆ ತಗ್ಗುವುದರಿಂದ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯೂ ಇಳಿಯುತ್ತದೆ. ಬೇಕಿದ್ದರೆ ಪಿಪಿಸಿ (ಹಾರುಬೂದಿ ಬೆರೆಸಿದ ಪೋರ್ಟ್‌ಲ್ಯಾಂಡ್ ಪೊಜೊಲಾನಾ) ಸಿಮೆಂಟಿನ ಚೀಲವನ್ನೇ ನೋಡಿ: ಭಾರತೀಯ ಮಾನಕ ಐಎಸ್ 1489 ಶೇ. 15ರಿಂದ 35ರಷ್ಟು ಬೂದಿಗೆ ಅವಕಾಶ ಕೊಡುತ್ತದೆ, ಪ್ರಮಾಣ ಚೀಲದ ಮೇಲೆ ಮುದ್ರಿತವಾಗಿರುತ್ತದೆ. ನಮ್ಮ ಎಷ್ಟೋ ಮನೆಗಳೂ ಇದೇ ಸಿಮೆಂಟಿನವು. ಇಂಥ ಸಂದೇಶ ಬಂದಾಗ ಪ್ರಯೋಗಾಲಯದ ವರದಿ ಇದೆಯೇ, ಪರೀಕ್ಷಿಸಿದ್ದು ಸಡಿಲ ಬೂದಿಯನ್ನೋ ಗಟ್ಟಿಯಾದ ಕಾಂಕ್ರೀಟನ್ನೋ ಎಂದು ಕೇಳಿ.